ಹಾಡಿನ ಕಣಜ



ದೂರದ ಪ್ರಯಾಣಕ್ಕೆ ಹೊರಡುವಾಗ ಬುತ್ತಿ ಕಟ್ಟಿಕೊಳ್ಳುವುದು ನಮ್ಮ ಹಿರಿಯರ ರೂಢಿ. ಈಗ ಅನ್ನದ ಬುತ್ತಿಯೊಡನೆ ಹಾಡಿನ ಬುತ್ತಿಯನ್ನೂ ಒಯ್ಯುವ ಅನುಕೂಲ ನಮಗೆ ಒದಗಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸುಮಾರು 5,000 ಹಾಡುಗಳಿವೆ. ಒಂದಕ್ಕೆ 5 ನಿಮಿಷವೆಂದು ಲೆಕ್ಕ ಹಾಕಿದರೆ, ಹಗಲಿರುಳು ಬಿಡದೆ ಕೇಳಿದರೂ ಮುಗಿಯಲು 17 ದಿನಗಳು ಬೇಕು. 60 ನಿಮಿಷದ ಕ್ಯಾಸೆಟ್ಟುಗಳಲ್ಲಿ ಇಷ್ಟನ್ನು ತುಂಬಿದ್ದರೆ 400ಕ್ಕೂ ಹೆಚ್ಚು ಕ್ಯಾಸೆಟ್ಟುಗಳಾಗಿ, ಒಂದು ಕಪಾಟೇ ತುಂಬಿಹೋಗುತ್ತಿತ್ತು. ಕಿವಿ ಅಷ್ಟಾಗಿ ಗುರುತಿಸದ ಅಂಶಗಳನ್ನು ಕೈಬಿಟ್ಟು ಉಳಿದುದನ್ನು ಅಡಕಗೊಳಿಸುವ ಎಂಪಿ3 ವಿಧಾನದಲ್ಲಿ 1 ನಿಮಿಷದ ಸಂಗೀತಕ್ಕೆ ಸುಮಾರು 1 ಎಂಬಿ ಸ್ಥಳ ಸಾಕು. ಹೀಗಾಗಿ ಇಡೀ ಕಪಾಟು 25 ಜಿಬಿಯಷ್ಟು ಜಾಗದಲ್ಲಿ ಅಡಗಿ ಕುಳಿತಿದೆ.

ಬೇಕೆಂದಾಗ ಅಂತರಜಾಲದಿಂದಲೇ ಹಾಡು ಹರಿದು ಬರುವ ಈ ಕಾಲದಲ್ಲಿ ಇಷ್ಟನ್ನೆಲ್ಲ ಹೊತ್ತು ತಿರುಗುವುದೇಕೆ ಎಂದು ನೀವು ಕೇಳಬಹುದು. ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗಿ ನೋಡಿ. ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವಾಗ 57 ಸುರಂಗಗಳು ಒಂದರ ಹಿಂದೊಂದು ಎದುರಾಗುತ್ತವೆ. ಅಲ್ಲಿ ಮೊಬೈಲಿನ ಸಂಪರ್ಕ ಮತ್ತೆ ಮತ್ತೆ ಕಡಿದುಹೋಗುತ್ತದೆ. ಕೈಯಲ್ಲಿರುವ ಸಂಗ್ರಹವಾದರೋ ಕತ್ತಲೆಯಲ್ಲಿಯೂ ಹಾಡುತ್ತಲೇ ಇರುತ್ತದೆ.

ಆ ದಾರಿಯಲ್ಲಿಯೇ ಒಮ್ಮೆ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು, “ಇದರಲ್ಲಿ ಹಳೆಯ ಭಾವಗೀತೆಗಳೂ ಇವೆಯೇನಪ್ಪಾ?” ಎಂದು ವಿಚಾರಿಸಿದರು. ಅವರಿಗೆ ಬೇಕಾಗಿದ್ದುದು 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಒಂದು ಹಾಡು. ತೀರಿಕೊಂಡ ಅವರ ಪತ್ನಿ ಅಡುಗೆ ಮಾಡುತ್ತ ಅದನ್ನೇ ಕೇಳುತ್ತಿದ್ದರಂತೆ. ಮಲೆನಾಡಿನ ಮಳೆಗೆ ಬೂಷ್ಟು ಹಿಡಿದು ಆ ಕ್ಯಾಸೆಟ್ಟು ಹಾಳಾಗಿತ್ತು. ಮೈಸೂರು ಅನಂತಸ್ವಾಮಿ ಎಂದು ಬೆರಳಚ್ಚು ಮಾಡಿದೊಡನೆ ಹಾಡು ಪರದೆಯ ಮೇಲೆ ಬಂತು. ಇಯರ್‌ಫೋನಿನ ಒಂದು ತುದಿಯನ್ನು ಅವರಿಗೆ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಹಾಕೆಂದರು. ಬಳಿಕ ಅದನ್ನು ಕರವಸ್ತ್ರದಿಂದ ಒರೆಸಿ ಹಿಂದಿರುಗಿಸುತ್ತ, “ಸಾಕಪ್ಪಾ, ಇವತ್ತಿಗೆ ಇಷ್ಟು ಸಾಕು” ಎಂದರು. ನನ್ನ ಬಳಿ 5,000 ಹಾಡುಗಳಿದ್ದವು. ಅವರಿಗೆ ಒಂದೇ ಸಾಕಾಯಿತು.

ಆ ಒಂದು ಹಾಡು ಕೂಡಲೇ ಸಿಕ್ಕಿದ್ದು ಸಂಗ್ರಹ ದೊಡ್ಡದಾಗಿತ್ತು ಎಂಬ ಕಾರಣಕ್ಕಲ್ಲ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಹಾಡುಗಳಿಗೆ ತಾವಾಗಿ ಹೆಸರಿರುವುದಿಲ್ಲ. ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದು ಅನಾಮಧೇಯರಂತೆ ಬಿದ್ದಿರುತ್ತವೆ. ಒಂದು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರತಿಯೊಂದಕ್ಕೂ ಗಾಯಕರು, ಕವಿ, ವರ್ಷ ಎಂದು ಬರೆದಿಟ್ಟಿದ್ದೆವು. ಹೆಸರಿಲ್ಲದ ಹಾಡು ಇದ್ದೂ ಇಲ್ಲದಂತೆ. ಕಣಜ ಎಷ್ಟೇ ದೊಡ್ಡದಿರಲಿ, ಹಸಿದವನು ಬಾಗಿಲಿಗೆ ಬಂದಾಗ ಒಂದು ಸೇರು ಅಳೆದು ಕೊಡಲಾಗದಿದ್ದರೆ ಅದರಿಂದೇನು ಪ್ರಯೋಜನ?

ನಿಮ್ಮ ಮನೆಯ ಅಟ್ಟದ ಮೇಲೆಯೂ ಹಳೆಯ ಕ್ಯಾಸೆಟ್ಟುಗಳಿರಬಹುದು. ಮದುವೆಯ ಸೋಬಾನೆಯೋ, ಅಜ್ಜಿಯ ಜೋಗುಳವೋ, ಊರಿನ ಗಾಯನ ಮೇಳದ ಹಾಡೋ ಅವುಗಳಲ್ಲಿ ಉಳಿದಿದ್ದೀತು. ಅಂಗಡಿಯಲ್ಲಿಯಾಗಲಿ ಅಂತರಜಾಲದಲ್ಲಿಯಾಗಲಿ ಅವು ಸಿಗುವಂಥವಲ್ಲ. ಬೂಷ್ಟು ಹಿಡಿಯುವ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಹೆಸರು ಬರೆಯಿರಿ. ಮತ್ತೊಂದು ಡಿಸ್ಕಿನಲ್ಲಿ ಪ್ರತಿ ಮಾಡಿ ಬಂಧುಗಳ ಮನೆಯಲ್ಲಿಡಿ. ಲ್ಯಾಪ್‌ಟಾಪು ಕೆಡಬಹುದು, ಪ್ರಯಾಣದಲ್ಲಿ ಕಳೆದೂ ಹೋಗಬಹುದು. ಮುಂದಿನ ಸಲ ರೈಲು ಹತ್ತುವಾಗ, ಎಲ್ಲವನ್ನೂ ಕೇಳಿ ಮುಗಿಸುವ ಆತುರ ಬೇಡ. ಹತ್ತು ಹಾಡುಗಳನ್ನು ಆರಿಸಿಕೊಂಡು ನಿಧಾನವಾಗಿ ಕೇಳಿ. ಪಕ್ಕದಲ್ಲಿ ಕುಳಿತವರು ಯಾವುದಾದರೊಂದು ಹಾಡನ್ನು ಕೇಳಿದರೆ ಸಂತೋಷದಿಂದ ಹುಡುಕಿ ಕೊಡಿ. ಅವರು ಎಷ್ಟು ವರ್ಷಗಳಿಂದ ಅದಕ್ಕಾಗಿ ಕಾದಿದ್ದಾರೋ ಬಲ್ಲವರಾರು?