ಪಿಂಚಣಿಯಿಲ್ಲದ ನಿವೃತ್ತಿ

ನಿವೃತ್ತಿಯೆಂದೊಡನೆ ನಮ್ಮ ಚಿತ್ರಗಳಲ್ಲಿ ಕಾಣುವವನು ನೌಕರಿ ಮುಗಿಸಿದ ಮೇಷ್ಟ್ರೋ, ಗುಮಾಸ್ತನೋ ಆಗಿರುವುದೇ ಹೆಚ್ಚು. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಬಿ. ಆರ್. ಪಂತುಲು ಅವರ ಉಪಾಧ್ಯಾಯರನ್ನು ಕಂಡು ಕಣ್ಣೊರೆಸಿಕೊಂಡವರೆಷ್ಟು ಮಂದಿ! ಆದರೆ ಕೊಳ್ಳೇಗಾಲದ ರೇಷ್ಮೆ ನೇಕಾರನಿಗೆ, ಮಳೆಯನ್ನೇ ನಂಬಿದ ಹನೂರಿನ ರೈತನಿಗೆ, ಯಳಂದೂರು ಸೀಮೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು ಕೀಳುವ ಸೋಲಿಗನಿಗೆ ನಿವೃತ್ತಿಯ ಆಜ್ಞೆಯನ್ನು ಯಾರು ಕಳುಹಿಸಬೇಕು? ಕಣ್ಣು ಮಂಜಾಗಿ ಎಳೆ ಕಾಣದಾದ ದಿನವೇ ನೇಕಾರನಿಗೆ ಕಡೆಯ ದಿನ. ಹಾರವಿಲ್ಲ, ಬೀಳ್ಕೊಡುಗೆಯ ಭಾಷಣವಿಲ್ಲ, ಮರುತಿಂಗಳಿನ ಹಣವಂತೂ ಇಲ್ಲವೇ ಇಲ್ಲ.

ಆದುದರಿಂದಲೇ ರಾಮ್ ರೆಡ್ಡಿಯವರ ‘ತಿಥಿ’ ನನಗೆ ಪ್ರಿಯ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಈ ಚಿತ್ರದಲ್ಲಿ ಅಭಿನಯಿಸಿದವರು ಮಂಡ್ಯದ ಕಡೆಯ ಹಳ್ಳಿಗರು. ನಟನೆ ಅವರ ಕಸುಬಲ್ಲ. ಅದರ ಗಡ್ಡಪ್ಪನು ಯಾವ ನೌಕರಿಯಿಂದಲೂ ಬಿಡುಗಡೆಯಾದವನಲ್ಲ, ಸಂಸಾರದಿಂದಲೇ ನಿವೃತ್ತನಾದವನು. ಮಗನಿಗೆ ಜಮೀನಿನ ಪತ್ರದ ಚಿಂತೆ. ಅಪ್ಪನಿಗೆ ಹಾದಿ, ಸೀಸೆ, ಕುರಿಗಾಹಿಗಳ ಸಂಗ. ಕಾವೇರಿಯ ಆಚೆ ದಡದ ಆ ಮಾತು ಕೊಳ್ಳೇಗಾಲದವರ ಕಿವಿಗೆ ನೆರೆಮನೆಯ ಮಾತು.

ಗಡ್ಡಪ್ಪನಿಗಾದರೂ ಎದ್ದು ನಡೆದುಬಿಡುವ ಸ್ವಾತಂತ್ರ್ಯವಿತ್ತು, ಗಂಡಸಲ್ಲವೆ! ಸೋಲಿಗರ ಮುದುಕಿಯೊಬ್ಬಳು ತನ್ನ ನುಡಿಯಲ್ಲೇ ತನ್ನ ದಣಿವನ್ನು ಹೇಳಿಕೊಳ್ಳುವ ಚಿತ್ರವನ್ನು ನಾನಿನ್ನೂ ಕಂಡಿಲ್ಲ.