ಎಂಸಿಬಿಯ ಹಟ

ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಪಿಂಗಾಣಿ ಫ್ಯೂಸು. ಅದು ಹೋದರೆ ಅಪ್ಪ ಮೇಣದಬತ್ತಿಯ ಬೆಳಕಿನಲ್ಲಿ ಹೊಸ ತಂತಿ ಕಟ್ಟುತ್ತಿದ್ದರು. ಪಕ್ಕದ ಮನೆಯವರು ಪದೇ ಪದೇ ಕಟ್ಟಲು ಬೇಸರಪಟ್ಟು ದಪ್ಪ ತಂತಿ ಸುತ್ತಿಬಿಟ್ಟರು. ಫ್ಯೂಸು ಹೋಗಲಿಲ್ಲ, ಗೋಡೆಯ ಮೇಲಿನ ವೈರೇ ಸುಟ್ಟು ಕರಕಲಾಯಿತು.

ಈಗಿನ ಎಂಸಿಬಿಯಲ್ಲಿ ತಂತಿ ಸುತ್ತುವ ಜಾಣತನ ನಡೆಯದು. ಒಳಗೆ ಎರಡು ಬಗೆಯ ಲೋಹ ಬೆಸೆದ ಪಟ್ಟಿಯಿದೆ. ಗೀಸರ್, ಇಸ್ತ್ರಿಪೆಟ್ಟಿಗೆ ಎಲ್ಲ ಒಂದೇ ಲೈನಿನಲ್ಲಿ ಓಡಿ ಕರೆಂಟು ಮಿತಿ ಮೀರಿದರೆ ಪಟ್ಟಿ ಬಿಸಿಯಾಗುತ್ತದೆ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಾಗಿ ಕೊಂಡಿ ಕಳಚುತ್ತದೆ. ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಶಾರ್ಟ್ ಸರ್ಕ್ಯೂಟ್ ಆದರೆ ಅಷ್ಟು ಪುರಸೊತ್ತಿಲ್ಲ. ಆಗ ಒಳಗಿನ ತಂತಿಸುರುಳಿ ಬಲವಾದ ಅಯಸ್ಕಾಂತವಾಗಿ, ಕಣ್ಣು ಮಿಟುಕಿಸುವುದರೊಳಗೆ ಕೊಂಡಿ ಬಿಡಿಸುತ್ತದೆ. ಬೇರ್ಪಟ್ಟ ತುದಿಗಳ ನಡುವೆ ಹಾರುವ ಕಿಡಿಯನ್ನು ಸಾಲಾಗಿ ಜೋಡಿಸಿದ ಲೋಹದ ತಗಡುಗಳು ತುಂಡರಿಸಿ ಆರಿಸುತ್ತವೆ. ಹಿಡಿಯನ್ನು ಬೆರಳಿನಿಂದ ಒತ್ತಿ ಹಿಡಿದರೂ ಒಳಗೆ ಕಳಚಿಯೇ ತೀರುತ್ತದೆ. ಅದರ ಈ ಹಟ ನನಗಿಷ್ಟ.

“ಹಾಗಾದರೆ ಶಾಕ್ ಹೊಡೆಯುವುದಿಲ್ಲವಾ ತಾತ?” ಎಂದಳು ಮೊಮ್ಮಗಳು. ಹೊಡೆಯುತ್ತದೆ ಪುಟ್ಟಿ! ಎಂಸಿಬಿ ಕಾಯುವುದು ವೈರನ್ನು. ಮೈಯೊಳಗೆ ಹರಿದು ಜೀವ ತೆಗೆಯುವಷ್ಟು ಕರೆಂಟು 16 ಆಂಪಿಯರಿನ ಎಂಸಿಬಿಗೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಆರ್‌ಸಿಸಿಬಿ ಬೇಕು. ಹೋದ ಕರೆಂಟನ್ನೂ ಮರಳಿ ಬಂದದ್ದನ್ನೂ ಅದು ತೂಗುತ್ತದೆ. ಮೈಯ ಮೂಲಕ ನೆಲಕ್ಕೆ ಸೋರಿ 30 ಮಿಲಿಆಂಪಿಯರಿನಷ್ಟು ಕಡಿಮೆಯಾದರೆ ಬೀಳುತ್ತದೆ. ಅದರ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿಯಿದೆ. ನಮ್ಮಲ್ಲಿ ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡುವ ಕೆಲಸ ಇವಳದು. ಮನೆಯೆಲ್ಲ ಕತ್ತಲಾದರೆ ಸರಿ. ಆಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನು.