ದಾರಿಯ ಕಲ್ಲು

ಅಮೆರಿಕಾ ದೇಶದ ಡಲ್ಲಾಸ್ ಪಟ್ಟಣದಲ್ಲಿರುವ ಮಗನ ಮನೆಗೆ ನಾವು ಹೋಗಿದ್ದಾಗ, ಅವನು ಒಂದು ದಿನ ನಮ್ಮನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಪೂರ್ವದಿಕ್ಕಿನ ಲೂಯಿಸಿಯಾನಾ ಸಂಸ್ಥಾನಕ್ಕೆ ಹೊರಟನು. ಗಿಬ್ಸ್‌ಲೆಂಡ್ ಎಂಬ ಚಿಕ್ಕ ಊರನ್ನು ದಾಟಿ ಕೆಲವು ಮೈಲಿ ದಕ್ಷಿಣಕ್ಕೆ ಹೋದರೆ ಎರಡು ಕಡೆಯೂ ಪೈನ್ ಮರಗಳ ಕಾಡು, ನಿರ್ಜನವಾದ ದಾರಿ. ದಾರಿಯ ಮಗ್ಗುಲಲ್ಲಿ ಒಂದು ಸ್ಮಾರಕಶಿಲೆ.

1934ನೆಯ ಮೇ 23ರ ಬೆಳಗ್ಗೆ ಕ್ಲೈಡ್ ಬ್ಯಾರೋ, ಬಾನಿ ಪಾರ್ಕರ್ ಎಂಬ ತರುಣ ದರೋಡೆಕಾರರಿಬ್ಬರು, ಪೊದೆಗಳ ಮರೆಯಲ್ಲಿ ಹೊಂಚಿ ಕುಳಿತಿದ್ದ ಆರು ಮಂದಿ ಅಧಿಕಾರಿಗಳ ಗುಂಡಿಗೆ ಇಲ್ಲಿ ಸಿಕ್ಕಿ ಸತ್ತರು. 1929ರ ಆರ್ಥಿಕ ವಿಪತ್ತಿನ ತರುವಾಯ ಬ್ಯಾಂಕುಗಳು ಮುಳುಗಿ, ಒಕ್ಕಲಿಗರು ಹೊಲಮನೆಗಳನ್ನು ಕಳೆದುಕೊಂಡ ಕಾಲವದು. ಬ್ಯಾಂಕನ್ನು ದೋಚಿದವನು ನೊಂದವರ ಕಣ್ಣಿಗೆ ವೀರನಾಗಿ ತೋರಿದ್ದು ಸೋಜಿಗವಲ್ಲ.

ಸುದ್ದಿ ಹಬ್ಬಿದೊಡನೆ ಜನವು ಕವಿದು ಬಂದಿತು. ಒಡೆದ ಗಾಜು, ಬರಿದಾದ ತೋಟಾ, ಬಾನಿಯ ಕೂದಲು, ರಕ್ತಸಿಕ್ತವಾದ ಉಡುಪಿನ ಚೂರು, ಇವೆಲ್ಲವೂ ಆಯ್ದುಕೊಳ್ಳುವ ವಸ್ತುಗಳಾದವು. ಒಬ್ಬನಂತೂ ಕ್ಲೈಡನ ಕಿವಿಯನ್ನೇ ಕೊಯ್ಯಲು ಹವಣಿಸಿದನಂತೆ! ಅದೇ ವರ್ಷದ ಜುಲೈ 22ರಂದು ಚಿಕಾಗೋ ನಗರದಲ್ಲಿ ಡಿಲಿಂಜರನು ಹತನಾದಾಗಲೂ, ನೋಡಬಂದವರು ಅವನ ರಕ್ತದಲ್ಲಿ ಕರವಸ್ತ್ರಗಳನ್ನು ಅದ್ದಿಕೊಂಡರು. ಅವನ ಗೋರಿಯ ಕಲ್ಲನ್ನೂ ಚೂರುಚೂರಾಗಿ ಕೆತ್ತಿ ಒಯ್ದರು.

ಕಾಲ ಕಳೆದಂತೆ ಈ ಚೂರುಗಳಿಗೆ ಚಿನ್ನದ ಬೆಲೆ ಬಂದಿತು. ಗುಂಡುಗಳಿಂದ ಜರಡಿಯಂತಾದ ಫೋರ್ಡ್ ಮೋಟಾರು ಜಾತ್ರೆಯಿಂದ ಜಾತ್ರೆಗೆ ತಿರುಗಿತು. ಅದರ ಹೆಸರಿನಲ್ಲಿ ನಕಲಿ ಮೋಟಾರುಗಳೂ ಕಾಸು ಗಳಿಸಿದವು. ಕ್ಲೈಡನು ಸಾಯುವಾಗ ತೊಟ್ಟಿದ್ದ ಅಂಗಿಯು 1997ರಲ್ಲಿ 85,000 ಡಾಲರಿಗೆ ಹೋಯಿತು. 2012ರ ಒಂದು ಹರಾಜಿನಲ್ಲಿ ಬಾನಿಯ ಪಿಸ್ತೂಲಿಗೆ 264,000, ಕ್ಲೈಡನ ಪಿಸ್ತೂಲಿಗೆ 240,000 ಡಾಲರು ದೊರೆಯಿತು.

ದಾರಿಯ ಕಲ್ಲೂ ಈ ಮೋಹದಿಂದ ಪಾರಾಗಿಲ್ಲ. ಬಂದವರು ಅದರ ಅಂಚುಗಳನ್ನು ಒಡೆದುಕೊಂಡು ಹೋಗಿದ್ದಾರೆ. ಇದನ್ನೆಲ್ಲ ನಿಂದಿಸುತ್ತ ನಿಂತಿದ್ದ ನಾನೂ, ನನಗರಿವಿಲ್ಲದೆಯೇ ಬುಡದಲ್ಲಿದ್ದ ಹರಳೊಂದನ್ನು ಎತ್ತಿ ಜೇಬಿಗೆ ಹಾಕಿದ್ದೆನು.

ಗೃಹಿಣಿಯು ಅದನ್ನು ಕಂಡು, "ಇದನ್ನು ಎಲ್ಲಿಡುತ್ತೀರಿ? ಕಾಶಿಯಿಂದ ತಂದ ಗಂಗೆಯ ಪಕ್ಕದಲ್ಲಿಯೇ?" ಎಂದಳು.

ನಾನು ಉತ್ತರ ಕಾಣದೆ ಹರಳನ್ನು ಇದ್ದಲ್ಲಿಯೇ ಇಟ್ಟೆನು.

ಹಿಂದಿರುಗುವಾಗ ಮಗನು ಇನ್ನೊಂದು ಸಂಗತಿಯನ್ನು ಹೇಳಿದನು. ಅದೇ 1934ರ ಏಪ್ರಿಲ್ 1ರಂದು, ಈಸ್ಟರ್ ಹಬ್ಬದ ದಿನ, ಡಲ್ಲಾಸಿಗೆ ಸಮೀಪದ ಗ್ರೇಪ್‌ವೈನಿನ ಬಳಿ ಕ್ಲೈಡನ ತಂಡದವರು ವ್ಹೀಲರ್, ಮರ್ಫಿ ಎಂಬ ಇಬ್ಬರು ಪೋಲೀಸಿನವರನ್ನು ಕೊಂದರು. ಮರ್ಫಿಗೆ ಕೆಲವೇ ದಿನಗಳಲ್ಲಿ ವಿವಾಹವಾಗಬೇಕಾಗಿತ್ತು. ವಧುವು ತನ್ನ ಮದುವೆಯ ಉಡುಪನ್ನು ತೊಟ್ಟು ಅವನ ಶವಸಂಸ್ಕಾರಕ್ಕೆ ಬಂದಳಂತೆ. ಆ ಉಡುಪಿಗೆ ಯಾರಾದರೂ ಹರಾಜು ಕೂಗಿದ್ದನ್ನು ನಾನು ಕೇಳಿಲ್ಲ.

ಮರುದಿನ ಅಲ್ಲಿಗೂ ಹೋದೆವು. ಆ ಇಬ್ಬರ ನೆನಪಿಗೂ ದಾರಿಯ ಬದಿಯಲ್ಲಿ ಒಂದು ಕಲ್ಲಿದೆ. ನಾವು ನಿಂತಿದ್ದಷ್ಟು ಹೊತ್ತೂ ಮತ್ತಾರೂ ಅಲ್ಲಿಗೆ ಬರಲಿಲ್ಲ.